ಪೀಚ್ ಗೌನೋ, ಹಸಿರು ಮೈಸೂರು ರೇಷ್ಮೆಯೋ?

ಪ್ರಶ್ನೆ: ನನಗೆ 53 ವರ್ಷ, ನಮ್ಮ ಯಜಮಾನರಿಗೆ 59. ಬರುವ ಫೆಬ್ರುವರಿಗೆ ನಮ್ಮ ಮದುವೆಯಾಗಿ 30 ವರ್ಷ ತುಂಬುತ್ತದೆ. ಮಗಳು ಮತ್ತು ಅಳಿಯ ಸೇರಿ ಅಂದು ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಮ್ಮಿಬ್ಬರ ಫೋಟೊ ಶೂಟ್ ಏರ್ಪಾಡು ಮಾಡಿದ್ದಾರೆ. ಮಗಳು ನನಗೊಂದು ಪೀಚ್ ಬಣ್ಣದ ಗೌನ್, ಅವರಿಗೆ ಅದೇ ಬಣ್ಣದ ಬ್ಲೇಜರ್ ತಂದಿಟ್ಟಿದ್ದಾಳೆ. ಗೌನ್ ತೊಟ್ಟು ಕನ್ನಡಿಯ ಮುಂದೆ ನಿಂತರೆ ಹೊಟ್ಟೆಯನ್ನು ಒಳಗೆಳೆದುಕೊಂಡೇ ಇರಬೇಕಾಗುತ್ತದೆ. ಮೊದಲ ದೀಪಾವಳಿಗೆ ಯಜಮಾನರು ಕೊಡಿಸಿದ್ದ ಹಸಿರು ಮೈಸೂರು ರೇಷ್ಮೆ ಸೀರೆ ಉಡುವ ಆಸೆ ನನ್ನದು. ಹೇಳಿದರೆ ‘ಹಳೇ ಆಲ್ಬಮ್ ಥರ ಕಾಣುತ್ತೆ ಅಮ್ಮ’ ಎನ್ನುತ್ತಾಳೆ. ಯಜಮಾನರಂತೂ ಬಿಳಿ ಪಂಚೆ, ಬಿಳಿ ಅಂಗಿ ಬಿಟ್ಟು ಬೇರೇನೂ ಹಾಕುವುದಿಲ್ಲವೆಂದು ಪಟ್ಟು ಹಿಡಿದಿದ್ದಾರೆ. ಇಷ್ಟು ಖರ್ಚು ಮಾಡಿರುವ ಮಗಳನ್ನು ನೋಯಿಸಲಾರೆ, ಗೌನನ್ನೂ ತೊಡಲಾರೆ. ಏನು ಮಾಡಲಿ?
— ಹೆಸರು ಬೇಡ, ಬಸವನಗುಡಿ, ಬೆಂಗಳೂರು

ಉತ್ತರ: ಸೋದರಿ, ನಿಮ್ಮ ಪತ್ರದಲ್ಲಿ ಮಗಳ ಮಾತಿದೆ, ಯಜಮಾನರ ಹಟವಿದೆ. ಆದರೆ ನೀವು ಅದೇ ಸೀರೆಯನ್ನು ಉಡಬಯಸಿದ್ದೀರಿ ಎಂಬ ವಿಷಯ ಅದನ್ನು ಕೊಡಿಸಿದವರಿಗೆ ಗೊತ್ತಿದೆಯೇ ಎಂಬುದು ಮಾತ್ರ ಎಲ್ಲಿಯೂ ಕಾಣಲಿಲ್ಲ. ಮೊದಲು ಅವರಿಗೆ ಹೇಳಿ. ಪಂಚೆಯ ವಿಚಾರದಲ್ಲಿ ಮಗಳೆದುರು ಪಟ್ಟು ಹಿಡಿದಿರುವವರು ಹೆಂಡತಿಯ ಸೀರೆಗೆ ಹೊಂದುವ ಉಡುಪಿನ ವಿಚಾರದಲ್ಲಿ ಸ್ವಲ್ಪ ಸಡಿಲವಾಗುವ ಸಂಭವ ಹೆಚ್ಚು.

ಗೌನ್ ಬೇಡ ಎಂಬುದೇ ನನ್ನ ಅಭಿಪ್ರಾಯ. ವಯಸ್ಸಿಗೆ ಒಪ್ಪುವುದಿಲ್ಲವೆಂದು ನಾನು ಹೀಗೆ ಹೇಳುತ್ತಿಲ್ಲ. ಇಷ್ಟಪಟ್ಟು ತೊಡುವವರಿಗೆ ಎಪ್ಪತ್ತರಲ್ಲೂ ಒಪ್ಪುತ್ತದೆ. ಎರಡು ಗಂಟೆಯ ಕಾಲ ಉಸಿರು ಬಿಗಿಹಿಡಿದು ನಿಲ್ಲುವವರ ಮುಖದಲ್ಲಿ ಆ ಬಿಗಿತವೇ ಎದ್ದು ಕಾಣುತ್ತದೆ ಮತ್ತು ಯಾವ ಕ್ಯಾಮೆರಾ ಬಂದರೂ ಅದನ್ನು ಮರೆಮಾಚುವುದಿಲ್ಲ. ಇನ್ನು ಇಬ್ಬರಿಗೂ ಒಂದೇ ಬಣ್ಣ ಎಂಬ ಈಚಿನ ರೂಢಿಯಲ್ಲೂ ಒಂದು ತೊಡಕಿದೆ. ಪಕ್ಕಪಕ್ಕದಲ್ಲಿ ನಿಂತಾಗ ಇಬ್ಬರ ಉಡುಪೂ ಕೂಡಿಕೊಂಡು ಒಂದೇ ದೊಡ್ಡ ಪಟ್ಟೆಯಾಗಿ ಕಾಣುತ್ತದೆ. ಬಟ್ಟೆಯ ಜಾತಿ ಬೇರೆಯಾದರೆ ಅದೇ ಪೀಚ್ ಒಬ್ಬರ ಮೇಲೆ ಗುಲಾಬಿಯತ್ತ, ಇನ್ನೊಬ್ಬರ ಮೇಲೆ ಕಿತ್ತಳೆಯತ್ತ ವಾಲಿ, ಹೊಂದಿಸಲು ಹೋಗಿ ತಪ್ಪಿದಂತೆ ತೋರುತ್ತದೆ. ಒಬ್ಬರ ಉಡುಪಿನ ಅಂಚಿನಲ್ಲಿರುವ ಬಣ್ಣ ಇನ್ನೊಬ್ಬರ ಉಡುಪಿನಲ್ಲಿ ಎಲ್ಲೋ ಒಂದು ಕಡೆ ಬಂದರೆ ಜೋಡಿಗೆ ಅಷ್ಟೇ ಸಾಕು.

ಹಾಗೆಂದು ನಿಮ್ಮ ಸೀರೆಯ ಪರವಾಗಿಯೂ ನಾನು ಕಣ್ಣುಮುಚ್ಚಿ ಮಾತಾಡಲಾರೆ. ಲಾಲ್‌ಬಾಗಿನ ಹುಲ್ಲುಹಾಸಿನ ಮೇಲೆ, ಮರಗಳ ಹಿನ್ನೆಲೆಯಲ್ಲಿ ಹಸಿರು ಸೀರೆ ಉಟ್ಟು ನಿಂತರೆ ಹಸಿರಿನೊಳಗೆ ಹಸಿರು ಕರಗಿ, ನಿಮ್ಮ ಮುಖವೊಂದೇ ತೇಲಿದಂತೆ ಕಾಣುತ್ತದೆ. ಇದಕ್ಕಾಗಿ ಸೀರೆಯನ್ನು ಬಿಡಬೇಕಿಲ್ಲ, ಜಾಗವನ್ನು ಬದಲಿಸಿದರಾಯಿತು. ಕೆಂಪೇಗೌಡರ ಗೋಪುರವಿರುವ ಬಂಡೆಯ ಗುಡ್ಡಕ್ಕೆ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬೂದು ಕಲ್ಲಿನ ಮೇಲೆ ಹಸಿರು ರೇಷ್ಮೆ ಮತ್ತು ಚಿನ್ನದ ಜರಿ ಎದ್ದು ಕಾಣುವಷ್ಟು ಆ ತೋಟದ ಇನ್ನಾವ ಜಾಗದಲ್ಲೂ ಕಾಣಲಾರದು. (30 ವರ್ಷದ ಸೀರೆಯನ್ನು ಹಳೆಯದೆನ್ನುವ ಮಗಳಿಗೆ ಬಂಡೆಯ ವಯಸ್ಸನ್ನೂ ಹೇಳಿ.) ಫೆಬ್ರುವರಿಯಲ್ಲಿ ನಮ್ಮ ಊರಿನ ಟಬೇಬುಯ ಮರಗಳು ಗುಲಾಬಿ ಹೂ ಬಿಟ್ಟಿರುತ್ತವೆ, ಅಂಥದೊಂದು ಮರ ಸಿಕ್ಕರೆ ಅದರ ಕೆಳಗೂ ನಿಮ್ಮ ಹಸಿರು ಒಪ್ಪುತ್ತದೆ, ಪೀಚ್ ಮಾತ್ರ ಅಲ್ಲಿ ಪೂರ್ತಿ ಸೋಲುತ್ತದೆ.

ಮೈಸೂರು ರೇಷ್ಮೆ ಹುರಿ ಹಾಕಿದ ನೂಲಿನ ಕ್ರೇಪ್ ಬಟ್ಟೆಯಾದ್ದರಿಂದ ಉಬ್ಬಿ ನಿಲ್ಲದೆ ಮೈಗೆ ಹೊಂದಿ ಇಳಿಯುತ್ತದೆ. ಬಂಡೆಯ ಮೇಲೆ ಕೂತು ಎದ್ದರೂ ಹೆಚ್ಚು ಸುಕ್ಕಾಗುವುದಿಲ್ಲ. ನಿಮ್ಮ ಹೊಟ್ಟೆಯ ಚಿಂತೆಗೂ ಗೌನಿಗಿಂತ ಇದೇ ವಾಸಿ. ಆದರೆ ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಮಡಿಕೆಯಲ್ಲೇ ಜೀರ್ಣವಾಗಿ ಹರಿಯುತ್ತದೆ, ಜರಿ ಕಪ್ಪಗಾಗಿರುವುದೂ ಉಂಟು. ಆದ್ದರಿಂದ ಈಗಲೇ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ರವಿಕೆ ಹಿಡಿಸುವುದಿಲ್ಲವೆಂದುಕೊಂಡು, ಅರಿಶಿನ ಬಣ್ಣದ ಅಥವಾ ಕುಂಕುಮಗೆಂಪಿನ ಹೊಸ ರವಿಕೆಯೊಂದನ್ನು ಹೊಲಿಸಿಕೊಳ್ಳಿ. ಕಸೂತಿ, ಕನ್ನಡಿ ಚೂರುಗಳ ಭಾರವಿಲ್ಲದ ಸಾದಾ ರವಿಕೆಯೇ ಲೇಸು.

ಯಜಮಾನರ ಪಂಚೆ ಇರಲಿ, ಬಿಳಿಯ ಬಗ್ಗೆ ಮಾತ್ರ ಚೌಕಾಸಿ ಮಾಡಿ. ಅಚ್ಚ ಬಿಳಿ ಅಂಗಿಯ ಮೇಲೆ ಬಿಸಿಲು ಬಿದ್ದಾಗ ಕ್ಯಾಮೆರಾ ಅಂಗಿಯನ್ನು ಸರಿಪಡಿಸಿದರೆ ಮುಖ ಕಪ್ಪಾಗುತ್ತದೆ, ಮುಖವನ್ನು ಸರಿಪಡಿಸಿದರೆ ಅಂಗಿಯ ನೆರಿಗೆ, ಗುಂಡಿಗಳೆಲ್ಲ ಅಳಿಸಿಹೋಗುತ್ತವೆ. ಕೆನೆ ಬಣ್ಣದ ಜುಬ್ಬ, ಜರಿಯಂಚಿನ ಪಂಚೆ, ನಿಮ್ಮ ರವಿಕೆಯ ಬಣ್ಣದ ಅಂಚಿರುವ ಶಲ್ಯ ಎಂದರೆ ಅವರೂ ಬೇಡವೆನ್ನಲಾರರು. ಸಣ್ಣ ಗೆರೆಗಳ ಅಥವಾ ಚಿಕ್ಕ ಚೌಕಳಿಯ ಅಂಗಿ ಬೇಡ. ಫೋಟೊದಲ್ಲಿ ಆ ಗೆರೆಗಳು ಅಲೆಯಲೆಯಾಗಿ ಕದಡಿ ಕಾಣುತ್ತವೆ. ಜೇಬಿನಲ್ಲಿ ಮೊಬೈಲ್ ಇರಬಾರದು. ಅವರದು ಬಿಸಿಲಿಗೆ ಕಪ್ಪಾಗುವ ಕನ್ನಡಕವಾಗಿದ್ದರೆ ಅಂದಿಗೆ ಹಳೆಯದೊಂದನ್ನು ಹಾಕಿಕೊಳ್ಳಲಿ, ಇಲ್ಲವಾದರೆ ಒಂದು ಚಿತ್ರದಲ್ಲೂ ಅವರ ಕಣ್ಣು ಕಾಣುವುದಿಲ್ಲ.

ಉದ್ಯಾನದಲ್ಲಿ ಬಟ್ಟೆ ಬದಲಿಸಲು ಸರಿಯಾದ ಜಾಗ ಸಿಗುವುದೆಂದು ನಂಬಿಕೊಂಡು ಹೋಗಬೇಡಿ. ಒಂದೇ ಉಡುಪಿನಲ್ಲಿ ಮುಗಿಸಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬಂಡೆಯ ಮೇಲೆ ಅಪಾಯ. ಫೆಬ್ರುವರಿಯಲ್ಲಿ ಸೂರ್ಯೋದಯ ಸುಮಾರು ಆರೂಮುಕ್ಕಾಲಕ್ಕೆ. ಏಳರಿಂದ ಎಂಟೂವರೆಯೊಳಗಿನ ಎಳೆ ಬಿಸಿಲು ರೇಷ್ಮೆಗೂ ಮುಖಕ್ಕೂ ಹಿತ. ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಸುಪರ್ದಿನಲ್ಲಿರುವುದರಿಂದ ಛಾಯಾಗ್ರಾಹಕರು ಅನುಮತಿ ಪಡೆದಿದ್ದಾರೆಯೇ ಎಂದು ಅಳಿಯನಿಗೆ ವಿಚಾರಿಸಲು ಹೇಳಿ, ಆ ಕೆಲಸ ನಿಮ್ಮದಲ್ಲ.

ಮಗಳಿಗೆ ಹೇಳುವುದು ಹೇಗೆ? ಅಪ್ಪನ ಹಟವನ್ನು ಮುಂದೆ ಮಾಡಿ ನೀವು ಹಿಂದೆ ನಿಲ್ಲಬೇಡಿ. ‘ನೀನು ಇಷ್ಟೆಲ್ಲ ಮಾಡಿದ್ದು ನನಗೆ ತುಂಬ ಸಂತೋಷ, ಆದರೆ ಈ ಗೌನಿನಲ್ಲಿ ನನಗೆ ಉಸಿರಾಡಲು ಆಗುತ್ತಿಲ್ಲ’ ಎಂದು ನೇರವಾಗಿ, ಅವಳೊಬ್ಬಳೇ ಇರುವಾಗ ಹೇಳಿ. ಅವಳು ಹೇಳಿದ ಹಳೆಯ ಆಲ್ಬಮ್ಮಿನ ಮಾತಿನಲ್ಲೂ ಸತ್ಯವಿದೆ: ಎಂದಿನ ಹಾಗೆ ಕೈಕಟ್ಟಿ ನಿಂತು ಕ್ಯಾಮೆರಾವನ್ನೇ ದಿಟ್ಟಿಸಿದರೆ ಯಾವ ಸೀರೆಯೂ ಹಳತಾಗಿಯೇ ಕಾಣುತ್ತದೆ. ಆದ್ದರಿಂದ ನಿಲ್ಲುವ, ನಡೆಯುವ, ಕೂರುವ ಬಗೆ, ತಲೆಗೂದಲು, ಹೂವು, ಒಡವೆ ಇವೆಲ್ಲವನ್ನೂ ಅವಳ ಕೈಗೇ ಬಿಡಿ, ನಡುವೆ ಬಾಯಿ ಹಾಕಬೇಡಿ. ಪೀಚ್ ಅವಳಿಗೆ ಅಷ್ಟು ಇಷ್ಟವಾದರೆ ಕೊನೆಯ ಒಂದು ಚಿತ್ರಕ್ಕೆ ಮಗಳು, ಅಳಿಯ ಆ ಬಣ್ಣ ತೊಟ್ಟು ನಿಮ್ಮ ಹಿಂದೆ ನಿಲ್ಲಲಿ.

ಒಂದು ದಿನ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಉಟ್ಟು ತೊಟ್ಟು ಮನೆಯ ತಾರಸಿಯ ಮೇಲೆ ನಿಲ್ಲಿ. ಅವಳಿಂದಲೇ ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆಸಿ, ಗೌನು ಮತ್ತು ಬ್ಲೇಜರ್ ತೊಟ್ಟ ಚಿತ್ರಗಳ ಪಕ್ಕದಲ್ಲಿಟ್ಟು ಮೂವರೂ ನೋಡಿ. ಇಷ್ಟನ್ನು ಈ ವಾರದಲ್ಲೇ ಮಾಡಿ, ಏಕೆಂದರೆ ಗೌನನ್ನು ಅಂಗಡಿಯವರು ವಾಪಸ್ ಪಡೆಯಲು ಸಾಮಾನ್ಯವಾಗಿ ಗಡುವಿರುತ್ತದೆ. ಬೆಲೆಚೀಟಿಯನ್ನು ಇನ್ನೂ ಕಿತ್ತಿಲ್ಲದಿದ್ದರೆ ಕೀಳಬೇಡಿ.