ಹಿತ್ತಿಲ ಓಣಿಗಳು ಹುಟ್ಟಿದ್ದೇಕೆ?

ಪ್ರಶ್ನೆ: ಬೆಂಗಳೂರಿನ ಮಲ್ಲೇಶ್ವರದಲ್ಲಿ ಹಳೆಯ ಮನೆಗಳ ಹಿಂದೆ ಕಿರಿದಾದ ಓಣಿಗಳಿರುವುದೇಕೆ? ಈ ಬಡಾವಣೆ ಪ್ಲೇಗಿನಿಂದಾಗಿ ಹುಟ್ಟಿತೆಂಬುದು ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್, ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ಅಪಾರ ಸಾವುನೋವಿಗೆ ಕಾರಣವಾದಾಗ, ಗಾಳಿ ಬೆಳಕು ಧಾರಾಳವಾಗಿರುವ ಹೊಸ ಬಡಾವಣೆಗಳು ತುರ್ತು ಅಗತ್ಯವಾದವು. ಮಲ್ಲೇಶ್ವರ ಮತ್ತು ಬಸವನಗುಡಿ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಆದರೆ ಪೇಟೆಯ ಹೊರಗೆ ಯೋಜಿತ ಬಡಾವಣೆ ಕಟ್ಟುವ ಆಲೋಚನೆ ಅದಕ್ಕೂ ಹಳೆಯದು, ಏಕೆಂದರೆ 1892ರ ಹೊತ್ತಿಗೇ ಚಾಮರಾಜಪೇಟೆ ಯೋಜಿತವಾಗಿತ್ತು.

ಒಳಚರಂಡಿಯಿಲ್ಲದ ಆ ದಿನಗಳಲ್ಲಿ ಮಲವನ್ನು ಜನರೇ ಹೊತ್ತು ಸಾಗಿಸಬೇಕಾಗಿತ್ತು. ಮನೆಯ ಮುಂಬಾಗಿಲು ಅಗಲವಾದ ರಸ್ತೆಗೆ ತೆರೆದುಕೊಂಡರೆ, ಹಿತ್ತಿಲ ಕೊನೆಯಲ್ಲಿದ್ದ ಕಕ್ಕಸು ಹಿಂದಿನ ಓಣಿಗೆ ತೆರೆದುಕೊಳ್ಳುತ್ತಿತ್ತು. ಆ ಕೆಲಸ ಮಾಡುವವರು ಮುಂದಿನ ರಸ್ತೆಗೆ ಬಾರದೆ ಅಲ್ಲಿಂದಲೇ ಬಂದು ಹೋಗುತ್ತಿದ್ದರು. ಇವೇ ಕನ್ಸರ್ವೆನ್ಸಿ ಓಣಿಗಳು. ಆರೋಗ್ಯದ ಹೆಸರಿನಲ್ಲಿ ಎಳೆದ ಈ ಗೆರೆ ಜಾತಿಯ ಗೆರೆಯೂ ಆಗಿತ್ತೆಂಬುದನ್ನು ಮರೆಮಾಚುವಂತಿಲ್ಲ. ನಿವೇಶನಗಳ ಹಂಚಿಕೆಯಲ್ಲಿಯೂ ಜಾತಿ, ಸಮುದಾಯಗಳ ಲೆಕ್ಕಾಚಾರವಿತ್ತು.

ನೇರ ಮುಖ್ಯರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಸಂಪಿಗೆಯಂತಹ ಮರದ ಹೆಸರು ಹೊತ್ತ ಬೀದಿಗಳು ಇಂದಿಗೂ ಉಳಿದಿವೆ. ಬಡಾವಣೆಗೆ ಹೆಸರು ಕೊಟ್ಟ ಕಾಡು ಮಲ್ಲೇಶ್ವರ ದೇವಾಲಯವಂತೂ 17ನೆಯ ಶತಮಾನದ್ದು. ಒಳಚರಂಡಿ ಬಂದ ಮೇಲೆ ಕೆಲಸವಿಲ್ಲದಂತಾದ ಓಣಿಗಳಲ್ಲಿ ಹಲವು ಒತ್ತುವರಿಗೆ ತುತ್ತಾಗಿವೆ, ಕಸ ಸುರಿಯುವ ಜಾಗಗಳಾಗಿವೆ. ವಾಹನಗಳ ಕಾಟವಿಲ್ಲದ ಕಾಲುದಾರಿಗಳಾಗಿ ಅವನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.