ಅಪ್ಪನ ಹಳೇ ರೋಲೆಕ್ಸ್ ಆಯ್ಸ್ಟರ್ ಕಟ್ಟಿಕೊಂಡು ಈಜಬಹುದೇ?

ಬೇಡ. 'ರೋಲೆಕ್ಸ್ ಅಂದಮೇಲೆ ನೀರು ಹೋಗಲ್ಲ ತಾನೇ' ಅಂದಿದ್ದೀರಿ. ನಾನೂ ಒಂದು ಕಾಲಕ್ಕೆ ಹಾಗೇ ನಂಬಿದ್ದವನು. ನೀರು ತಡೆಯುವುದು ಬ್ರ್ಯಾಂಡಲ್ಲ, ಒಳಗಿನ ರಬ್ಬರ್ ರಿಂಗು. ಅದು ವರ್ಷಗಳಲ್ಲಿ ಗಟ್ಟಿಯಾಗಿ ಬಿರಿಯುತ್ತದೆ.

1926ರಲ್ಲಿ ರೋಲೆಕ್ಸ್ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್ ತಂದ ಆಯ್ಸ್ಟರ್ ಕೇಸಿನಲ್ಲಿ (ವಾಚಿನ ಹೊರಕವಚ) ಬೆಜೆಲ್ ಅಂದರೆ ಗಾಜಿನ ಸುತ್ತಲಿನ ಬಳೆ, ಹಿಂಬದಿ ಮುಚ್ಚಳ, ಕ್ರೌನ್ ಅಂದರೆ ಕೀ ಕೊಡುವ ಗುಬಟು, ಮೂರನ್ನೂ ತಿರುಪಿ ಬಿಗಿಯಬೇಕು. 1927ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಜ್ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಹತ್ತು ಗಂಟೆಗೂ ಹೆಚ್ಚು ಈಜಿದರು. ಆ ಸಲ ದಡ ಸಿಗಲಿಲ್ಲ. ವಾಚು ಮಾತ್ರ ನಡೆಯುತ್ತಿತ್ತು. ವಿಲ್ಸ್‌ಡಾರ್ಫ್ ಬಿಡುತ್ತಾರೆಯೇ? ಡೈಲಿ ಮೇಲ್ ಪತ್ರಿಕೆಯ ಮುಖಪುಟದಲ್ಲೇ ಜಾಹೀರಾತು ಕೊಟ್ಟರು.

ಜಾಹೀರಾತು ಹೇಳದ ಸಮಸ್ಯೆ ಕ್ರೌನಿನದು. ದಿನಾ ಕೀ ಕೊಡಲು ದಿನಾ ತಿರುಪು ಬಿಚ್ಚಬೇಕು. ಮತ್ತೆ ಬಿಗಿಯಲು ಮರೆತರೆ ನೀರಿಗೆ ಬಾಗಿಲು ತೆರೆದಂತೆ. ನೆನಪಿಟ್ಟು ಬಿಗಿದರೂ ಥ್ರೆಡ್ (ತಿರುಪಿನ ಗೆರೆಗಳು) ಸವೆಯುತ್ತದೆ. 1931ರ ಪರ್ಪೆಚುವಲ್ ರೋಟರಿನ ನಿಜವಾದ ಲಾಭ ಇಲ್ಲಿದೆ: ಕೈಯಾಡಿದಂತೆ ಪೂರ್ತಿ ಸುತ್ತು ತಿರುಗುವ ತೂಕ ಸ್ಪ್ರಿಂಗನ್ನು ಸುತ್ತುತ್ತದೆ, ದಿನಾ ಕ್ರೌನಿನ ಗೊಡವೆಯೇ ಬೇಡ. (ಆಟೊಮ್ಯಾಟಿಕ್ ಕೈಗಡಿಯಾರ ರೋಲೆಕ್ಸಿನ ಕಲ್ಪನೆಯಲ್ಲ, ಇಂಗ್ಲೆಂಡಿನ ಜಾನ್ ಹಾರ್‌ವುಡ್ ಮೊದಲೇ ಮಾಡಿದ್ದರು.) ಆಮೇಲೆ 1953ರಲ್ಲಿ ಎರಡು ಹಂತದ ಸೀಲಿನ ಟ್ವಿನ್‌ಲಾಕ್, 1970ರಲ್ಲಿ ಮೂರು ಹಂತದ ಸೀಲಿನ ಟ್ರಿಪ್‌ಲಾಕ್ ಕ್ರೌನ್ ಬಂದವು.

ಇಂದಿಗೂ ಈ ವಾಚುಗಳು ಎಷ್ಟೋ ಸಲ ಹಾಳಾಗುವುದು ಕ್ರೌನನ್ನು ಅರೆಬರೆ ಬಿಗಿಯುವುದರಿಂದ. ಮೊದಲು ಮೆಲ್ಲಗೆ ಒತ್ತಿ ಹಿಂದಕ್ಕೆ ತಿರುಗಿಸಿ. ಥ್ರೆಡ್ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ. ಓರೆಯಾಗಿ ಕಚ್ಚಿಕೊಂಡರೆ ಬಲವಂತ ಮಾಡಬೇಡಿ. ಕ್ರೌನ್ ಕೂರುವ ಕೊಳವೆಯ, ಅಂದರೆ ಟ್ಯೂಬಿನ, ಥ್ರೆಡ್ ಹೋದರೆ ಕ್ರೌನ್, ಟ್ಯೂಬ್ ಎರಡೂ ಬದಲಿಸಬೇಕಾಗುತ್ತದೆ.

ಮುಚ್ಚಳದ ಗ್ಯಾಸ್ಕೆಟ್ (ಆ ರಬ್ಬರ್ ರಿಂಗು) ಮತ್ತು ಕ್ರೌನಿನ ಸೀಲುಗಳನ್ನು ಬದಲಿಸಿ, ಗಾಳಿಯಲ್ಲಿ ಒತ್ತಡದ ಪರೀಕ್ಷೆ ಮಾಡಿಸಿ. ನೀರಿನ ಪರೀಕ್ಷೆಯನ್ನು ಮೊದಲೇ ಮಾಡಿಸಬೇಡಿ, ಸೋರಿದರೆ ಮೆಷಿನ್ ಒದ್ದೆ. ಪಾಸಾದರೂ ಹಳೇ ಕೇಸು ತುಕ್ಕಿಗೆ ಸವೆದಿರಬಹುದು, ಕೈ ತೊಳೆಯುವ ಮಟ್ಟಿಗೆ ಧೈರ್ಯವಾಗಿ ಹಾಕಿ. ಬಿಸಿನೀರಿನ ಸ್ನಾನಕ್ಕೂ ಬೇಡ. ಈಜಲು ನೀರು ತಡೆಯುವ ಅಗ್ಗದ ಕ್ವಾರ್ಟ್ಜ್ (ಬ್ಯಾಟರಿ) ವಾಚು ಕೊಳ್ಳಿ, ಅದು ಸಮಯವನ್ನೂ ಹೆಚ್ಚು ಸರಿಯಾಗಿ ತೋರಿಸುತ್ತದೆ.

ಗಾಜಿನೊಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಗೆ ಹಾಕಬೇಡಿ. ಅವತ್ತೇ ರಿಪೇರಿಯವರ ಹತ್ತಿರ ಬಿಚ್ಚಿಸಿ. ಉಪ್ಪುನೀರಾದರೆ ಉಕ್ಕಿನ ಭಾಗಗಳಿಗೆ ಬಹುಬೇಗ ತುಕ್ಕು ಹಿಡಿಯುತ್ತದೆ.