ಕಾಫಿ ಕುಯ್ಲಿಗೆ ಖಾಲಿಯಾಗುವ ಬೆಂಚು

ಕೊಡಗಿನ ಸಿದ್ದಾಪುರದ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರದ ಸಾರ: “ಕಾಫಿ ಕುಯ್ಲು ಶುರುವಾದರೆ ತೋಟದ ಕೆಲಸಗಾರರಿರುವ ಲೈನ್ ಮನೆಯ ಮಕ್ಕಳು ಶಾಲೆಗೆ ಬರುವುದಿಲ್ಲ. ಅಪ್ಪ ಅಮ್ಮನಿಗೆ ಓದಿನ ಬೆಲೆಯೇ ಗೊತ್ತಿಲ್ಲ. ಬಿ.ಎ.ಯಲ್ಲಿ ಸಮಾಜಶಾಸ್ತ್ರದ ವ್ಯಾಖ್ಯೆಗಳನ್ನು ಉರುಹೊಡೆದು ಪಾಸಾದೆ. ಅದರಿಂದ ಈಗ ಏನು ಪ್ರಯೋಜನ?”

ಸಂಪಾದಕರ ಉತ್ತರ:

ಮೇಡಂ, ಮಕ್ಕಳ ಬಗ್ಗೆ ನಿಮಗಿರುವ ಸಂಕಟ ಪತ್ರದುದ್ದಕ್ಕೂ ಕಾಣುತ್ತದೆ. ಆದರೆ “ಓದಿನ ಬೆಲೆಯೇ ಗೊತ್ತಿಲ್ಲ” ಎಂಬ ಮಾತನ್ನು ನಾನು ಒಪ್ಪಲಾರೆ. ಯಾಕೆಂಬುದು ನೀವು ಉರುಹೊಡೆದ ಪುಸ್ತಕದಲ್ಲೇ ಇದೆ.

ಖಾಸಗಿ ತೊಂದರೆ ಬೇರೆ, ಸಾರ್ವಜನಿಕ ಸಮಸ್ಯೆ ಬೇರೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಗೆರೆ ಎಳೆದರು. ಲಕ್ಷ ಜನರ ಊರಿನಲ್ಲಿ ಒಬ್ಬನಿಗೆ ಕೆಲಸವಿಲ್ಲವೆಂದರೆ ಅವನ ಸ್ವಭಾವ, ಕಸುಬು ವಿಚಾರಿಸಬಹುದು. ಐದು ಕೋಟಿ ದುಡಿಯುವವರ ದೇಶದಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸವಿಲ್ಲವೆಂದರೆ ಒಬ್ಬೊಬ್ಬರ ಸ್ವಭಾವ ಕೆದಕಿ ಫಲವಿಲ್ಲ. ಇದು ಅವರೇ ಕೊಟ್ಟ ಉದಾಹರಣೆ. ಈಗ ನಿಮ್ಮ ಹಾಜರಿ ಪುಸ್ತಕ ತೆರೆಯಿರಿ. ಆಗಸ್ಟ್‌ನಲ್ಲಿ ಒಂದು ಮಗು ಬಾರದಿದ್ದರೆ ಆ ಮನೆಗೆ ಹೋಗಿ ಕೇಳಬೇಕು. ವರ್ಷವರ್ಷವೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದೇ ಬೆಂಚುಗಳು ಖಾಲಿಯಾದರೆ? ಜೂನ್‌ನಲ್ಲಿ ಮಗಳನ್ನು ಕೈಹಿಡಿದು ತಂದು ಸೇರಿಸಿದ ತಾಯಿಗೆ ಜನವರಿಯಲ್ಲಿ ಓದಿನ ಬೆಲೆ ಮರೆತುಹೋಗುವುದೇ?

ಜನವರಿಯಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿರುತ್ತದೆ. ಎಷ್ಟೋ ತೋಟಗಳಲ್ಲಿ ಆಗ ಕೂಲಿ ಕಿಲೋ ಲೆಕ್ಕಕ್ಕೆ. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಮುಂದೆ ಮೂಟೆ ಎಷ್ಟು ತೂಗಿತೋ ಅಷ್ಟೇ ಆ ದಿನದ ಸಂಪಾದನೆ. ಕೈಗೂಸನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬರು ಬೇಕು. ಆ ಒಬ್ಬರು ನಿಮ್ಮ ನಾಲ್ಕನೇ ಕ್ಲಾಸಿನ ಹುಡುಗಿ. ಸೂರೂ ತೋಟದ್ದೇ, ಕೆಲಸ ಬಿಟ್ಟರೆ ಲೈನ್ ಮನೆಯನ್ನೂ ಬಿಡಬೇಕು. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಕೊಡಗಿನಲ್ಲಿ ಸಣ್ಣ ಬೆಳೆಗಾರರೇ ಹೆಚ್ಚು. ಅವರ ತೋಟದಲ್ಲಿ 50 ಹೆಂಗಸರು ಎಲ್ಲಿಂದ ಬರಬೇಕು? ಪರೀಕ್ಷೆಯಲ್ಲಿ ‘ಸಾಮಾಜಿಕ ರಚನೆ’ ಎಂದು ನೀವು ಬರೆದದ್ದು ಇದನ್ನೇ. ಬೆಳೆಗಾರರನ್ನು ದೂರುತ್ತಿಲ್ಲ, ಬೆಲೆ ಬಿದ್ದ ವರ್ಷ ಅವರ ಪಾಡೇನೆಂದೂ ಬಲ್ಲೆ.

ಇನ್ನೊಂದು ಮಾತು, ನೊಂದುಕೊಳ್ಳಬೇಡಿ. ಗಟ್ಟಿಯಾಗಿದ್ದ ಬ್ಯಾಂಕು ಮುಳುಗುತ್ತದೆಂಬ ಗಾಳಿಮಾತು ನಂಬಿ ಎಲ್ಲರೂ ಹಣ ತೆಗೆಯಲು ನುಗ್ಗಿದರೆ ಅದು ನಿಜವಾಗಿಯೂ ಮುಳುಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಬರೆದರು. ನಂಬಿದ ಸುಳ್ಳೇ ಹೀಗೆ ನಿಜವಾಗುವುದು ಶಾಲೆಯಲ್ಲೂ ಉಂಟು. “ಲೈನ್ ಮನೆ ಮಕ್ಕಳು, ಹೇಗೂ ನಿಲ್ಲುವುದಿಲ್ಲ” ಎಂದು ಮೊದಲೇ ಹಿಂದಿನ ಬೆಂಚಿಗೆ ಕಳಿಸಿದ ಮಗು ಕುಯ್ಲು ಮುಗಿದ ಮೇಲೆ ಯಾವ ಧೈರ್ಯದಿಂದ ವಾಪಸ್ ಬರಬೇಕು?

ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವುದನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಎಂದರು. 1952ರಲ್ಲಿ ಅವರು ಅದನ್ನು ವಿವರಿಸಿದ್ದು ಕೊಡಗನ್ನು ನೋಡಿಯೇ. ಕೊಡವರ ಕೂಡುಕುಟುಂಬವಾದ ನಮ್ಮ ಒಕ್ಕದ ಬಗ್ಗೆ ಲೋಕವೆಲ್ಲ ಓದಿತು. ಲೈನ್ ಮನೆಯನ್ನೂ ಅಷ್ಟೇ ನಿಗಾ ಇಟ್ಟು ನೋಡುವವರು ಬೇಕು, ಮತ್ತು ನೀವು ದಿನವೂ ಅದರ ಮುಂದೆಯೇ ನಡೆದು ಹೋಗುತ್ತೀರಿ.

ಐದು ವರ್ಷದ ಹಾಜರಿಯನ್ನು ತಿಂಗಳವಾರು ಬರೆದುಕೊಳ್ಳಿ. ಹುಡುಗಿಯರೆಷ್ಟು, ಮನೆಯಲ್ಲಿ ಕೂಸಿರುವವರೆಷ್ಟು ಎಂದು ಬೇರೆ ಮಾಡಿ. ಅದನ್ನು ಹಿಡಿದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ, ಅಲ್ಲಿಂದ ಗ್ರಾಮ ಪಂಚಾಯಿತಿಗೆ ಹೋಗಿ. ಪಂಚಾಯಿತಿಯಲ್ಲಿ ಶಿಶುಪಾಲನೆಯ ‘ಕೂಸಿನ ಮನೆ’ ಇದ್ದರೆ ಕುಯ್ಲಿನ ತಿಂಗಳುಗಳಲ್ಲಿ ತೋಟದ ಗಂಟೆಗೆ ಮೊದಲೇ ಅದರ ಬಾಗಿಲು ತೆರೆಯಲಿ ಎಂದು ಕೇಳಿ. ಇಲ್ಲದಿದ್ದರೆ ಬೇಕೆಂದು ಕೇಳಿ. ಪಟ್ಟಿಯ ಒಂದು ಪ್ರತಿ ನಮಗೂ ಕಳಿಸಿ. ಮಕ್ಕಳ ಹೆಸರು ತೆಗೆದು ಅಚ್ಚು ಹಾಕುತ್ತೇನೆ.